ನೀಲಿ ಬರುವವರೆಗೂ ಟೆಸ್ಟ್: ಒಂದು ಆಪ್ತಸಲಹೆ ಪ್ರಕರಣ

ಈ ಕುಟುಂಬದವರ ಹೆಸರು, ಕೆಲಸ, ಗುರುತು ಸಿಗುವಂಥ ವಿವರ ಎಲ್ಲ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ಇಲ್ಲಿ ಅವರನ್ನು ವೀಣಾ, ಮಂಜುನಾಥ್ ಅಂತ ಕರೆಯುತ್ತೇನೆ.

ಇಬ್ಬರಿಗೂ ನಲವತ್ತು ದಾಟಿದೆ. ಮದುವೆಯಾದಾಗಿನಿಂದ ಬೆಂಗಳೂರಿನ ಬಾಡಿಗೆ ಮನೆಗಳಲ್ಲೇ ಇದ್ದವರು. ಈಗ 30×40 ಸೈಟಿನಲ್ಲಿ ಸ್ವಂತ ಮನೆ ಕಟ್ಟಿಸಿದ್ದಾರೆ. ಪುಟ್ಟಿ, ಪ್ರೈಮರ್ ಮುಗಿದಿತ್ತು. ಗೃಹಪ್ರವೇಶದ ಮುಹೂರ್ತವೂ ಗೊತ್ತಾಗಿತ್ತು. ಬಣ್ಣ ಮಾತ್ರ ತೀರ್ಮಾನವಾಗಿರಲಿಲ್ಲ. ಪೇಂಟರ್ ಮೇಸ್ತ್ರಿಯಿಂದ ದಿನಾ ಫೋನು, ಮನೆಯಲ್ಲಿ ದಿನಾ ಜಗಳ. ಮಾತು ಬಿಟ್ಟು ಬೇರೆ ಬೇರೆ ಹೊತ್ತಿಗೆ ಊಟ ಮಾಡುವಷ್ಟಕ್ಕೆ ಬಂದಾಗ ನನ್ನ ಹತ್ತಿರ ಬಂದರು.

“ಬಣ್ಣಕ್ಕೆ ಕೌನ್ಸೆಲಿಂಗಾ ಅಂತ ನಗಬೇಡಿ ಮೇಡಂ” ಅಂದರು ಮಂಜುನಾಥ್. ನಾನು ನಗಲಿಲ್ಲ. ಬೆಂಗಳೂರಿನ ಬಾಡಿಗೆ ಮನೆ ಗೊತ್ತಲ್ವಾ. ಓನರ್ ಹೊಡೆಸಿದ ಬಣ್ಣವೇ ಬಣ್ಣ. ಮೊಳೆ ಹೊಡೆಯೋಕೂ ಕೇಳಬೇಕು. ಖಾಲಿ ಮಾಡುವಾಗ ಪೇಂಟಿಂಗ್ ಖರ್ಚು ಅಂತ ಒಂದು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳುವುದು ಇಲ್ಲಿನ ರೂಢಿ. ದುಡ್ಡು ನಮ್ಮದು, ಹೊಸ ಬಣ್ಣ ಮುಂದೆ ಬರುವವರಿಗೆ. ಹೀಗೆ ವರ್ಷಾನುಗಟ್ಟಲೆ ಕ್ರೀಮ್ ಗೋಡೆ ನೋಡಿದವರಿಗೆ ಮೊದಲ ಸಲ ಶೇಡ್ ಕಾರ್ಡ್ ಕೈಗೆ ಸಿಕ್ಕರೆ ಗಾಬರಿ ಆಗುವುದು ಸಹಜ.

ವೀಣಾ ಆ ಗಾಬರಿಗೆ ಮೊಬೈಲಿನಲ್ಲಿ ಮದ್ದು ಹುಡುಕಿದ್ದರು. ‘ನಿಮ್ಮ ವ್ಯಕ್ತಿತ್ವಕ್ಕೆ ಯಾವ ಬಣ್ಣ’ ಅನ್ನುವ ಟೆಸ್ಟ್‌ಗಳು. ಮನೆಯವರೆಲ್ಲರ ಪರವಾಗಿ ಅವರೇ ಉತ್ತರ ಕೊಟ್ಟಿದ್ದರು. ತಾನು ನೀಲಿ, ಅಂದರೆ ಶಾಂತ ಸ್ವಭಾವ. ಗಂಡ ಕಂದು, ಮಗಳು ನೇರಳೆ. ಅದನ್ನು ಕೇಳಿ ಮಂಜುನಾಥ್ “ನೀನು ಶಾಂತಾನಾ?” ಅಂದರಂತೆ. ಅಲ್ಲಿಂದ ಜಗಳ ಗೋಡೆ ಬಿಟ್ಟು ಮದುವೆಯ ಹಳೇ ಲೆಕ್ಕಗಳಿಗೆ ಹೋಯಿತು.

ನಾನು ಮೊದಲು ಕೇಳಿದ್ದು ಬಣ್ಣದ ಬಗ್ಗೆ ಅಲ್ಲ. ನಿದ್ದೆ ಹೇಗಿದೆ, ಊಟ ಸೇರುತ್ತಾ, ಬೇರೆ ವಿಷಯಗಳಲ್ಲೂ ತೀರ್ಮಾನ ಮಾಡೋಕೆ ಆಗುತ್ತಿಲ್ಲವಾ? ಯಾವುದನ್ನೂ ತೀರ್ಮಾನಿಸಲಾಗದ ಸ್ಥಿತಿ ಖಿನ್ನತೆಯ ಲಕ್ಷಣಗಳಲ್ಲಿ ಒಂದು. ಹಾಗಿದ್ದರೆ ನಾನು ವೈದ್ಯರ ಹತ್ತಿರ ಕಳಿಸುತ್ತೇನೆ, ಗೋಡೆ ಕಾಯಲಿ. ವೀಣಾಗೆ ಹಾಗೇನೂ ಇರಲಿಲ್ಲ. ಟ್ಯೂಷನ್ ಮಕ್ಕಳ ವೇಳಾಪಟ್ಟಿ, ಟೈಲ್ಸ್, ಸಿಂಕು, ಕಿಟಕಿಯ ಗ್ರಿಲ್ಲು ಎಲ್ಲ ಅವರೇ ನಿರ್ಧರಿಸಿದ್ದರು.

ಆಮೇಲೆ ಒಂದು ಸಣ್ಣ ಆಟ ಆಡಿದೆವು. ವೀಣಾರ ಫೋನಿನಲ್ಲಿದ್ದ ‘ನೀಲಿ’ ಫಲಿತಾಂಶವನ್ನು, ಯಾವ ಬಣ್ಣ ಅಂತ ಹೇಳದೆ, ಗಂಡನಿಗೆ ಓದಿ ಹೇಳಿದೆ. ‘ನೀವು ಹೊರಗೆ ಸಮಾಧಾನವಾಗಿ ಕಾಣುತ್ತೀರಿ, ಒಳಗೆ ಚಿಂತೆ ಇರುತ್ತದೆ. ನಿಮ್ಮ ಸಾಮರ್ಥ್ಯವನ್ನು ಜನ ಪೂರ್ತಿ ಗುರುತಿಸಿಲ್ಲ.’ ಮಂಜುನಾಥ್ ತಲೆಯಾಡಿಸಿ “ಇದು ನಾನೇ” ಅಂದರು. ವೀಣಾಗೆ ನಗು ತಡೆಯಲಾಗಲಿಲ್ಲ.

ಇದು ನಾನು ಕಂಡುಹಿಡಿದ ಆಟವಲ್ಲ. 1948ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಮ್ ಫೋರರ್ ತನ್ನ ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಕೊಟ್ಟ. ಆಮೇಲೆ ‘ಇದು ನಿನ್ನ ವ್ಯಕ್ತಿತ್ವ’ ಅಂತ ಒಬ್ಬೊಬ್ಬರಿಗೂ ಒಂದೊಂದು ಹಾಳೆ ಹಂಚಿದ. ಎಲ್ಲರ ಹಾಳೆಯಲ್ಲೂ ಇದ್ದದ್ದು ಒಂದೇ ಬರಹ. ಹೆಚ್ಚಿನ ಸಾಲುಗಳನ್ನು ಆತ ಜ್ಯೋತಿಷ್ಯದ ಪುಸ್ತಕದಿಂದ ಎತ್ತಿಕೊಂಡಿದ್ದ. ಎಷ್ಟು ಸರಿಯಾಗಿದೆ ಅಂತ ಕೇಳಿದರೆ ವಿದ್ಯಾರ್ಥಿಗಳು 5ಕ್ಕೆ ಸರಾಸರಿ 4.26 ಅಂಕ ಕೊಟ್ಟರು! ಬಣ್ಣದ ಟೆಸ್ಟ್‌ಗಳು ನಡೆಯುವುದೂ ಇದೇ ಬಲದಿಂದ.

“ಹಾಗಾದ್ರೆ ನೀಲಿ ಹೊಡೆಸಿದ್ರೆ ಮನೆ ಶಾಂತವಾಗಿರುತ್ತೆ ಅನ್ನೋದೂ ಸುಳ್ಳಾ?” ಅಂತ ವೀಣಾ ಕೇಳಿದರು. ಬಣ್ಣಕ್ಕೆ ಪರಿಣಾಮವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಹಚ್ಚಿದ ಕೂಡಲೇ ಜಗಳ ನಿಲ್ಲಿಸುವ ಬಣ್ಣ ಯಾವುದೂ ಇಲ್ಲ. 1979ರಲ್ಲಿ ಸಿಯಾಟಲ್‌ನ ಒಂದು ನೌಕಾಪಡೆ ಜೈಲಿನಲ್ಲಿ ಕೋಣೆಗೆ ಗುಲಾಬಿ ಬಣ್ಣ ಹೊಡೆಸಿ, ಕೈದಿಗಳು ತಣ್ಣಗಾದರು ಅಂತ ಸುದ್ದಿ ಮಾಡಿದ್ದರು. ಆಮೇಲೆ ಸ್ವಿಟ್ಜರ್‌ಲೆಂಡ್‌ನ ಜೈಲಿನಲ್ಲಿ ಬೇರೆ ಗೋಡೆಯ ಕೋಣೆಗಳ ಜೊತೆ ಹೋಲಿಸಿ ನೋಡಿದಾಗ ಅಂಥ ವ್ಯತ್ಯಾಸವೇ ಕಾಣಲಿಲ್ಲ.

ಇಲ್ಲಿಗೆ ಟೆಸ್ಟ್‌ನ ಕಥೆ ಮುಗಿಯಬೇಕಿತ್ತು. ಆದರೆ ಒಂದು ದಿನ ಜೊತೆಗೆ ಬಂದಿದ್ದ ಹದಿಮೂರು ವರ್ಷದ ಮಗಳು ಮಧ್ಯೆ ಬಾಯಿ ಹಾಕಿದಳು. “ಆಂಟಿ, ಅಮ್ಮ ನೀಲಿ ಬರೋವರೆಗೂ ಟೆಸ್ಟ್ ಮಾಡ್ತಾಳೆ. ಹಸಿರು ಬಂದ್ರೆ ಮತ್ತೆ ಮೊದಲಿಂದ.”

ವೀಣಾ ತಲೆ ತಗ್ಗಿಸಿದರು. ನನಗೆ ಇಡೀ ಪ್ರಕರಣದಲ್ಲಿ ಇದೇ ಮುಖ್ಯವಾಗಿ ಕಂಡದ್ದು. ತನಗೆ ಏನು ಬೇಕು ಅಂತ ಅವರಿಗೆ ಮೊದಲಿಂದಲೂ ಗೊತ್ತಿತ್ತು. ಹಾಗಿದ್ದರೆ ಟೆಸ್ಟ್ ಯಾಕೆ? ಈ ಮನೆಯಲ್ಲಿ ಏನೇ ಕೇಳಿದರೂ ಮಂಜುನಾಥ್ “ನಿನ್ನಿಷ್ಟ” ಅಂದು ಪೇಪರ್ ಹಿಡಿಯುತ್ತಿದ್ದರು. ಆಮೇಲೆ ಟೈಲ್ಸ್ ಜಾರುತ್ತೆ, ಸಿಂಕು ಚಿಕ್ಕದು, ಗ್ರಿಲ್ಲು ಭಾರ ಅಂತ ವರ್ಷವಿಡೀ ಆಡಿಕೊಳ್ಳುತ್ತಿದ್ದರು. ಹೆಂಡತಿಗೆ ಸ್ವಾತಂತ್ರ್ಯ ಕೊಟ್ಟಿದ್ದೇನೆ ಅನ್ನುವುದು ಅವರ ನಂಬಿಕೆ. ಅವರು ಕೊಟ್ಟದ್ದು ಹೊಣೆ ಮಾತ್ರ, ಅದೂ ಬೈಗುಳದ ಸಮೇತ. ಹೀಗಿರುವಾಗ ‘ನನಗೆ ನೀಲಿ ಇಷ್ಟ’ ಅಂದರೆ ನಾಳೆ ತಾನೇ ಉತ್ತರ ಕೊಡಬೇಕು. ‘ಟೆಸ್ಟ್ ಹೇಳಿದೆ’ ಅಂದರೆ ಬೈಗುಳ ಟೆಸ್ಟ್‌ಗೆ ಹೋಗುತ್ತದೆ. ವ್ಯಕ್ತಿತ್ವಕ್ಕೆ ಹೊಂದುವ ಬಣ್ಣ ಹುಡುಕುವವರಲ್ಲಿ ಹೀಗೆ ಬೆನ್ನಿಗೆ ಒಂದು ಆಸರೆ ಹುಡುಕುವವರೇ ಜಾಸ್ತಿ ಅನ್ನುವುದು ನನ್ನ ಅಭಿಪ್ರಾಯ. ಕೆಲವರು ವಾಸ್ತು ಹಿಡಿಯುತ್ತಾರೆ, ಕೆಲವರು ಇಂಟೀರಿಯರ್ ಡಿಸೈನರ್ ಹಿಡಿಯುತ್ತಾರೆ.

ಮಂಜುನಾಥ್ ಜೊತೆ ಒಂಟಿಯಾಗಿ ಮಾತಾಡಿದೆ. ನೀಲಿ ಯಾಕೆ ಬೇಡ? ಸುಮ್ನೆ, ಇಷ್ಟ ಇಲ್ಲ ಅಂದರು. ಸ್ವಲ್ಪ ಹೊತ್ತು ಬಿಟ್ಟು, ಅಪ್ಪ ಕೊನೆಗೆ ಇದ್ದ ವಾರ್ಡಿನ ಗೋಡೆ ತಿಳಿ ನೀಲಿ, ರಾತ್ರಿಯೆಲ್ಲ ಅದನ್ನೇ ನೋಡುತ್ತಾ ಕೂತಿರುತ್ತಿದ್ದೆ ಅಂದರು. ಹೆಂಡತಿಗೆ ಹೇಳಿದ್ದೀರಾ? ಇಲ್ಲ. ಬಣ್ಣದ ಇಷ್ಟಾನಿಷ್ಟಗಳಿಗೆ ಎಷ್ಟೋ ಸಲ ಇಂಥ ಕಾರಣಗಳಿರುತ್ತವೆ. ಅವನ್ನು ಹೇಳದೆ “ನೀಲಿ ಡಲ್ ಆಗುತ್ತೆ” ಅಂತ ವಾದ ಮಾಡುತ್ತಾ ಕೂತಿದ್ದರು.

ನಾನು ಕೊಟ್ಟ ಸಲಹೆ ಇಷ್ಟು. ಮಂಜುನಾಥ್‌ಗೆ: ಬೇಡದ್ದನ್ನು ಬಣ್ಣ ತರುವ ಮೊದಲೇ, ಕಾರಣದ ಸಮೇತ ಹೇಳಿ. ಅಂಗಡಿಯ ಮಷಿನ್‌ನಲ್ಲಿ ಕಲಸಿಕೊಟ್ಟ ಬಣ್ಣವನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ, ನಿಮ್ಮ ಟೀಕೆಯನ್ನೂ ಆಮೇಲೆ ಯಾರೂ ತೆಗೆದುಕೊಳ್ಳಬೇಕಿಲ್ಲ. ವೀಣಾಗೆ: ‘ನನಗೆ ಇದು ಬೇಕು’ ಅಂತ ಒಂದು ಸಲ ಟೆಸ್ಟ್ ಇಲ್ಲದೆ ಹೇಳಿ ನೋಡಿ. ಹಾಲ್ ಎಲ್ಲರದ್ದು. ಅಲ್ಲಿ ಒಬ್ಬೊಬ್ಬರಿಗೂ ಒಂದು ಬಣ್ಣ ಬೇಡ ಅನ್ನುವ ಹಕ್ಕು ಇರಲಿ. ಉಳಿದ ಕೋಣೆಗಳಲ್ಲಿ ಹೆಚ್ಚು ಹೊತ್ತು ಇರುವವರ ಮಾತೇ ನಡೆಯಲಿ. ಅಡುಗೆಮನೆಗೆ ಅಲ್ಲಿ ನಿಲ್ಲುವವರು, ಮಗಳ ರೂಮಿಗೆ ಮಗಳು. ಅತ್ತೆಯನ್ನು ಕೇಳಿದ್ರಾ ಅಂದೆ. ಇಬ್ಬರೂ ಮುಖ ಮುಖ ನೋಡಿಕೊಂಡರು. ಮನೆಗೆ ಹೋಗಿ ಕೇಳಿದರೆ ಆ ಅಜ್ಜಿ ಒಂದೇ ಉಸಿರಿಗೆ “ಗಿಳಿಹಸಿರು” ಅಂದರಂತೆ. ಅವರಿಗೆ ಯಾವ ಗೊಂದಲವೂ ಇರಲಿಲ್ಲ.

ವ್ಯಕ್ತಿತ್ವದ ಬದಲು ಬೆಳಕು ನೋಡಿ ಅಂತಲೂ ಹೇಳಿದೆ. ಇದು ಕೌನ್ಸೆಲರ್ ಕೆಲಸ ಅಲ್ಲ, ಆದರೆ ಅರ್ಧ ಜಗಳ ಇಲ್ಲೇ ತೀರುತ್ತದೆ. ಶೇಡ್ ಕಾರ್ಡಿನ ಬೆರಳಗಲದ ಚೌಕ ನೋಡಿ ಗೋಡೆ ಊಹಿಸಲು ಆಗುವುದಿಲ್ಲ. ಅದೇ ಬಣ್ಣ ನಾಲ್ಕು ಗೋಡೆಗೆ ಬಂದಾಗ ಒಂದು ಗೋಡೆಯ ಛಾಯೆ ಇನ್ನೊಂದಕ್ಕೆ ಬಿದ್ದು ಇನ್ನೂ ಗಾಢವಾಗುತ್ತದೆ. ಸ್ಯಾಂಪಲ್ ಡಬ್ಬಿ ತಂದು, ಎದುರುಬದುರು ಗೋಡೆಗಳಲ್ಲಿ ಎರಡಡಿ ಚೌಕಕ್ಕೆ ಎರಡು ಕೋಟ್ ಹೊಡೆಸಿ. ಹಸಿ ಇದ್ದಾಗ ನಿರ್ಧಾರ ಬೇಡ, ಒಣಗಿದ ಮೇಲೆ ಸಾಮಾನ್ಯವಾಗಿ ಸ್ವಲ್ಪ ಗಾಢವಾಗುತ್ತದೆ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ದೀಪ ಹಾಕಿ ನೋಡಿ. ದೀಪಗಳನ್ನು ಬಣ್ಣಕ್ಕಿಂತ ಮೊದಲೇ ಆರಿಸಿ. 6500 ಕೆಲ್ವಿನ್‌ನ (ಬೆಳಕಿನ ಬಣ್ಣ ಅಳೆಯುವ ಲೆಕ್ಕ) ಬಿಳಿ ಎಲ್‌ಇಡಿ ಕೆಳಗೆ ಬೂದು ಬಣ್ಣ ನೀಲಿಗೆ ತಿರುಗಿದ ಹಾಗೆ ಕಾಣುತ್ತದೆ. 3000 ಕೆಲ್ವಿನ್‌ನ ಹಳದಿ ಬೆಳಕಲ್ಲಿ ಅದೇ ಗೋಡೆ ಬೆಚ್ಚಗೆ ಕಾಣುತ್ತದೆ. ಬೆಂಗಳೂರಿನ 30×40 ಮನೆಗಳಲ್ಲಿ ಇನ್ನೊಂದು ತಾಪತ್ರಯ ಇದೆ. ಪಕ್ಕದ ಮನೆ ಕೈಗೆಟುಕುವ ಹಾಗಿರುತ್ತದೆ. ಅವರ ಗೋಡೆಯ ಬಣ್ಣ ನಮ್ಮ ಕಿಟಕಿಯಿಂದ ಒಳಗೆ ಬರುತ್ತದೆ.

ಇವರ ಮನೆಯಲ್ಲಿ ಆಗಿದ್ದೂ ಅದೇ. ಪಕ್ಕದವರ ಹೊರಗೋಡೆ ಕಿತ್ತಳೆ. ಆ ಬೆಳಕು ಬಿದ್ದು ಹಾಲ್‌ನಲ್ಲಿ ವೀಣಾರ ನೀಲಿ ಮಧ್ಯಾಹ್ನ ಬೂದಿ ಬಣ್ಣಕ್ಕೆ ತಿರುಗಿತು. ಅಷ್ಟರಲ್ಲಿ ಮಂಜುನಾಥ್ ವಾರ್ಡಿನ ವಿಷಯವನ್ನೂ ಹೇಳಿದ್ದರು. ಹಾಲ್‌ಗೆ ನೀಲಿ ಬೇಡ ಅಂತ ವೀಣಾ ತಾವೇ ಅಂದರು. ಮಹಡಿ ಮೇಲೆ ಪೂರ್ವದ ಬೆಳಕಿರುವ ಟ್ಯೂಷನ್ ರೂಮಿಗೆ ಅದನ್ನೇ ಒಂದು ಶೇಡ್ ಗಾಢವಾಗಿ ಹೊಡೆಸಿಕೊಂಡರು. “ಈ ರೂಮಿನ ಬಗ್ಗೆ ಯಾರೂ ಮಾತಾಡೋ ಹಾಗಿಲ್ಲ ರೀ” ಅಂತ ಎಲ್ಲರೆದುರೇ ಹೇಳಿದರಂತೆ. ಹಾಲ್‌ಗೆ ಕೊಂಚ ಹಳದಿ ಬೆರೆತ ಆಫ್-ವೈಟ್ ಬಂತು. ಮಗಳು ಒಂದು ಗೋಡೆಗೆ ಇದ್ದಿಲಿನಂಥ ಕಪ್ಪು ಹೊಡೆಸಿದ್ದಾಳೆ. ಅದು ನನಗೂ ಅಷ್ಟಕ್ಕಷ್ಟೆ, ಆದರೆ ರೂಮು ಅವಳದ್ದು.

ಗೃಹಪ್ರವೇಶ ಆದ ಮೇಲೆ ಮತ್ತೆ ಬಂದಿದ್ದರು. ಅಡುಗೆಮನೆಯ ಹಳದಿ ಕಣ್ಣಿಗೆ ಹೊಡೆಯುತ್ತೆ ಅಂತ ಮಂಜುನಾಥ್ ಒಂದು ಸಲ ಬಾಯಿಬಿಟ್ಟರಂತೆ. “ಆಗ್ಲೇ ಹೇಳಬೇಕಿತ್ತು” ಅಂದರಂತೆ ವೀಣಾ. ಜಗಳ ಅಲ್ಲಿಗೇ ನಿಂತಿತು. ಗೇಟಿನ ವಿಷಯದಲ್ಲಿ ಮಾತ್ರ ಇನ್ನೂ ಒಮ್ಮತ ಇಲ್ಲ. ಕಪ್ಪಾ ಕಂದಾ ಗೊತ್ತಾಗದೆ ಅದು ರೆಡ್ ಆಕ್ಸೈಡ್ ಪ್ರೈಮರ್‌ನಲ್ಲೇ ನಿಂತಿದೆ. ಇಬ್ಬರಲ್ಲಿ ಯಾರಾದರೂ ಹೂಂ ಅನ್ನಿ, ಮಳೆಗಾಲಕ್ಕೆ ಮೊದಲು ಎನಾಮಲ್ ಹೊಡೆಸದಿದ್ದರೆ ತುಕ್ಕು ಹಿಡಿಯುತ್ತದೆ ಅಂದೆ.