ಬರ್ತಾ ಮೃದಂಗ ತಗೊಂಡ್ಬಾ

ಈ ಕೇಸ್ ಬರೀಬೇಕಾ ಬೇಡ್ವಾ ಅಂತ ಎರಡು ತಿಂಗಳಿಂದ ಯೋಚ್ನೆ ಮಾಡ್ತಿದೀನಿ. ಕೊನೆಗೂ ಬರೀತಿರೋದು ಯಾಕಂದ್ರೆ ಸಂಗೀತನೇ ಹೊಟ್ಟೆಪಾಡು ಮಾಡ್ಕೊಂಡಿರೋರು ನನ್ನ ಹತ್ರ ಕೌನ್ಸೆಲಿಂಗ್‌ಗೆ ಬಂದಿದ್ದು ಇದು ನಾಲ್ಕನೇ ಸಲ, ನಾಲ್ಕು ಸಲಾನೂ ಮನೆಯವ್ರ ಕಂಪ್ಲೇಂಟ್ ಒಂದೇ, "ಇವ್ರು ಯಾವತ್ತೂ ಸಿಗಲ್ಲ". ಒಬ್ರು ರಸಮಂಜರಿ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್, ಗಣೇಶನ ಹಬ್ಬ ಶುರುವಾದ್ರೆ ನವೆಂಬರ್ ರಾಜ್ಯೋತ್ಸವ ಮುಗಿಯೋ ತನಕ ರಾತ್ರಿ ಮನೇಲಿ ಮಲಗೋದೇ ಕಮ್ಮಿ. ಇನ್ನೊಬ್ರು ಯಕ್ಷಗಾನ ಮೇಳದಲ್ಲಿ ಚೆಂಡೆ, ಅವ್ರಿಗೆ ಪತ್ತನಾಜೆ ಅಂತ, ಮೇಳದ ತಿರುಗಾಟ ಮುಗಿಯೋ ದಿನ, ಒಂದು ಗಡಿನಾದ್ರೂ ಇದೆ, ಮೇ ಕೊನೇಲಿ ಗೆಜ್ಜೆ ಬಿಚ್ಚಿದ್ಮೇಲೆ ಸ್ವಲ್ಪ ಮನೆ ಮಂದಿ ಮುಖ ನೋಡಬಹುದು. ಈ ಸಲ ಬಂದಿದ್ದು ಬೆಂಗಳೂರಿನ ಒಬ್ಬ ಮೃದಂಗದವ್ರು.

ಒಪ್ಪಿಗೆ ತಗೊಂಡೇ ಬರೀತಿದೀನಿ. ವಯಸ್ಸು, ಏರಿಯಾ, ಮಕ್ಕಳೆಷ್ಟು ಅನ್ನೋದೆಲ್ಲ ಬದಲಾಯ್ಸಿದೀನಿ. ವಾದ್ಯನೂ ಬದಲಾಯ್ಸೋಣ ಅಂತ ನೋಡ್ದೆ, ಆಗ್ಲಿಲ್ಲ, ಯಾಕೆ ಅಂತ ಮುಂದೆ ಗೊತ್ತಾಗತ್ತೆ. ಹೆಸರು ಬೇಡ, ಮೃದಂಗದವ್ರು ಅಂತಾನೇ ಕರೀತೀನಿ. ನನ್ನ ಡೈರೀಲೂ ಮೊದಲ ದಿನದಿಂದ ಹಾಗೇ ಬರ್ಕೊಂಡಿದ್ದೆ. ಅದ್ರಲ್ಲೂ ಒಂದು ತಪ್ಪಿತ್ತು ಅಂತ ಆಮೇಲೆ ಹೊಳೀತು.

ನಲವತ್ತರ ಆಸುಪಾಸು, ಹೆಂಡ್ತಿ ಬ್ಯಾಂಕಲ್ಲಿ ಕೆಲ್ಸ, ಒಬ್ಳು ಮಗಳು ಏಳನೇ ಕ್ಲಾಸು, ಜೊತೆಗೆ ವಯಸ್ಸಾದ ಅಮ್ಮ. ಮೊದಲ ಸಲ ಬಂದಿದ್ದು ಆಷಾಢದಲ್ಲಿ, ಆಗ ಮದುವೆ ಮುಂಜಿ ಇರಲ್ಲ, ರಿಸೆಪ್ಷನ್‌ಗಳಲ್ಲಿ ನಡಿಯೋ ಸಂಗೀತ ಕಛೇರಿಗಳೂ ಇರಲ್ಲ, ಹಾಗಾಗಿ ಪುರುಸೊತ್ತು. ಬರೋವಾಗ್ಲೇ ಹೆಗಲ ಮೇಲೆ ಮೃದಂಗ. ಬಿಸಿಲಲ್ಲಿ ಕಾರಲ್ಲಿ ಬಿಟ್ರೆ ಚರ್ಮ ಬಿಗಿಯತ್ತೆ ಮೇಡಂ, ಶ್ರುತಿ ಹೋಗತ್ತೆ ಅಂತ ಹೇಳಿ ಅದನ್ನ ನನ್ನ ರೂಮಿನ ಮೂರನೇ ಕುರ್ಚಿ ಮೇಲೆ ಹುಷಾರಾಗಿ ಮಲಗ್ಸಿ ಆಮೇಲೆ ತಾವು ಕೂತ್ರು.

ನಾನು ಮಾಡಿದ ಮೊದಲ ತಪ್ಪು ಹೇಳ್ಬಿಡ್ತೀನಿ. ಎಲ್ಲರಿಗೂ ಹೇಳೋ ಹಾಗೆ ಇವ್ರಿಗೂ "ಭಾನುವಾರ ಫ್ಯಾಮಿಲಿಗೆ ಇಟ್ಬಿಡಿ" ಅಂದೆ. ಐಟಿಯವ್ರಿಗೆ ಹೇಳಿ ಹೇಳಿ ನಾಲಿಗೆಗೆ ಅಂಟ್ಕೊಂಡಿರೋ ಮಾತು ಅದು. ಕಛೇರಿ ಇರೋದೇ ಶನಿವಾರ ಭಾನುವಾರ, ಹಬ್ಬ ಹರಿದಿನ, ಊರಿಗೆಲ್ಲಾ ರಜಾ ಇದ್ದಾಗ ಅನ್ನೋದು ನನ್ನ ತಲೆಗೇ ಹೋಗ್ಲಿಲ್ಲ ನೋಡಿ. ಪಾಪ, ಅವರು ವಿಧೇಯರಾಗಿ ಮೂರು ಭಾನುವಾರ ಬಿಟ್ರು. ನಾಲ್ಕು ವರ್ಷದಿಂದ ಕರೀತಿದ್ದ ಒಬ್ಬ ಗಾಯಕರು ಆ ಗಣೇಶನ ಸೀಸನ್‌ಗೆ ಇನ್ನೊಬ್ರನ್ನ ಕರ್ಕೊಂಡ್ರು. ಪಕ್ಕವಾದ್ಯದವ್ರ ಬದುಕೇ ಹಾಗೆ, ಒಂದು ಸಲ "ಆ ಡೇಟ್ ಆಗಲ್ಲ" ಅಂದ್ರೆ ಆ ಜಾಗಕ್ಕೆ ಬಂದ ಹುಡುಗ ಚೆನ್ನಾಗಿ ನುಡ್ಸಿದ್ರೆ ಮುಂದಿನ ಫೋನು ಅವನಿಗೇ ಹೋಗತ್ತೆ, ಯಾರ್ದೂ ತಪ್ಪಲ್ಲ. ಸಂಬಳ ಇಲ್ಲ, ಪಿಎಫ್ ಇಲ್ಲ, ಕಛೇರಿ ಮುಗಿದ್ಮೇಲೆ ಕೈಗಿಡೋ ಕವರ್ ಅಷ್ಟೇ. ಅದೂ ಹಾರ ಹಾಕ್ದಷ್ಟು ಬೇಗ ಕೆಲವು ಕಡೆ ಬರಲ್ಲ.

ನಂಗೆ ನಿಜವಾಗಿ ಚುಚ್ಚಿದ್ದು ಮಾತ್ರ ಹೋದ ದುಡ್ಡಲ್ಲ. ಹೆಂಡ್ತಿ ಬಂದು, "ಮೇಡಂ, ಭಾನುವಾರ ಮನೇಲಿದ್ರು. ಇಡೀ ದಿನ ಫೋನ್ ನೋಡ್ಕೊಂಡು ಬಾಲ್ಕನೀಲಿ ಕೂತಿದ್ರು. ಇದ್ರ ಬದ್ಲು ಕಛೇರಿಗೆ ಹೋಗಿದ್ರೇ ಚೆನ್ನಾಗಿತ್ತು" ಅಂದ್ರು. ಆವಾಗ್ಲೇ ನನ್ನ ಕಿವಿ ನೆಟ್ಟಗಾಗ್ಬೇಕಿತ್ತು, ಆಗ್ಲಿಲ್ಲ. ಟೈಮ್ ಪ್ರಾಬ್ಲಂ ಅಂತಾನೇ ಇನ್ನೂ ಎರಡು ಸೆಷನ್ ಕ್ಯಾಲೆಂಡರ್ ಹಿಡ್ಕೊಂಡು ಕೂತಿದ್ದೆ. ಡಿಸೆಂಬರ್‌ನಲ್ಲಿ ಚೆನ್ನೈ ಸಂಗೀತೋತ್ಸವ, ಆಮೇಲೆ ರಾಮನವಮಿ. ರಾಮನವಮಿ ಅಂದ್ರೆ ನಮಗೆ ನಿಮಗೆ ಒಂದು ದಿನ, ಪಾನಕ ಕೋಸಂಬರಿ ಮುಗೀತು. ಇವ್ರಿಗೆ ಹಾಗಲ್ಲ, ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನದ್ದು, 1939ರಲ್ಲಿ ಶುರುವಾದ ಆ ರಾಮಸೇವಾ ಮಂಡಳಿ ಕಛೇರಿಗಳೇ ತಿಂಗಳ ಹತ್ರ ನಡಿಯತ್ತೆ, ಅದನ್ನ ನೋಡಿ ಕಲ್ತ ಬಡಾವಣೆ ಬಡಾವಣೆಯ ದೇವಸ್ಥಾನಗಳ ಪೆಂಡಾಲ್‌ಗಳು ಬೇರೆ. ಕ್ಯಾಲೆಂಡರ್‌ನಲ್ಲಿ ಖಾಲಿ ಚೌಕ ಹುಡುಕಿ ಹುಡುಕಿ ನಂಗೇ ಸುಸ್ತಾಯ್ತು.

ಐದನೇ ಸೆಷನ್ನು. ನವೆಂಬರ್, ಸಂಜೆ ಮಳೆ ಬರ್ತಿತ್ತು. ಮಾತು ನೆಂಟರ ಕಡೆ ತಿರುಗ್ತು. ಮೃದಂಗದವ್ರಿಗೆ ನೆಂಟರ ಮೇಲೆ ಸಿಟ್ಟು, ಅದು ನ್ಯಾಯವಾದ ಸಿಟ್ಟೇ. ಯಾರ ಮನೆ ಸತ್ಯನಾರಾಯಣ ಪೂಜೆ ಆಗ್ಲಿ, ಸೀಮಂತ ಆಗ್ಲಿ, ಫೋನ್ ಮಾಡೋರು ಕೊನೇಲಿ "ಬರ್ತಾ ಮೃದಂಗ ತಗೊಂಡ್ಬಾಪ್ಪ, ನಮ್ಮ ಅತ್ತಿಗೆ ಎರಡು ದೇವರನಾಮ ಹೇಳ್ತಾರೆ" ಅಂತಾರಂತೆ. ದುಡ್ಡಿನ ಮಾತೇ ಇಲ್ಲ, ಮನೆಯವನಲ್ವಾ. ಅತ್ತಿಗೆಗೆ ತಾಳ ನಿಲ್ಲಲ್ಲ, ಶ್ರುತಿ ಪ್ರತಿ ಚರಣಕ್ಕೂ ಒಂದೊಂದು, ಇವರು ಹಿಂದಿಂದೆ ಓಡ್ಬೇಕು. ಸ್ಕೂಲ್ ಫ್ರೆಂಡ್ಸ್‌ದೂ ಅದೇ ಕಥೆ, ಟ್ರಿಪ್ಪಿಗೆ ಒಂದಕ್ಕೂ ಹೋಗೋಕಾಗಿಲ್ಲ, ಆ ಗಿಲ್ಟಿಗೆ ಅವರ ಮಕ್ಕಳ ನಾಮಕರಣ ಬರ್ತ್‌ಡೇಲೆಲ್ಲ ಫ್ರೀಯಾಗಿ ನುಡ್ಸಿ ಬರ್ತಾರೆ. "ನನ್ನನ್ನ ಕರೀತಾರೋ ಮೃದಂಗನ ಕರೀತಾರೋ ಗೊತ್ತಾಗಲ್ಲ ಮೇಡಂ" ಅಂದ್ರು. ನಾನು ತಲೆ ಅಲ್ಲಾಡಿಸ್ದೆ. ಒಳ್ಳೆ ಪಾಯಿಂಟ್ ಸಿಕ್ತು ಅಂತ ಬರ್ಕೊಳ್ಳೋಕೂ ಶುರು ಮಾಡ್ದೆ.

ಆಗ ಹೆಂಡ್ತಿ, ತುಂಬಾ ಮೆಲ್ಲಗೆ, "ರೀ, ನಮ್ಮ ತಮ್ಮನ ಗೃಹಪ್ರವೇಶದ ದಿನ ರಿಹರ್ಸಲ್ ಇರ್ಲಿಲ್ಲ ಅಲ್ವಾ?" ಅಂತ ಕೇಳಿದ್ರು.

ಮೃದಂಗದವ್ರು ಕುರ್ಚಿ ಕೈ ಮೇಲೆ ಬೆರಳಲ್ಲಿ ಏನೋ ನುಡಿಸ್ತಾ ಇದ್ದೋರು (ಅದು ಯಾವಾಗ್ಲೂ ಇದ್ದಿದ್ದೇ) ನಿಲ್ಲಿಸ್ಬಿಟ್ರು.

ಕಥೆ ಏನಂದ್ರೆ, ಆ ಗೃಹಪ್ರವೇಶದ ಹೊತ್ತಿಗೆ ಎರಡು ಮೃದಂಗನೂ, ಗಂಡಸರ ಶ್ರುತಿದು ಹೆಂಗಸರ ಶ್ರುತಿದು ಎರಡೂ, ಚರ್ಮದ ಕೆಲಸಕ್ಕೆ ಹೋಗಿತ್ತು. ಹಾಗಾಗಿ ಬರಿಗೈಲಿ ಬಂದಿದ್ರು. ಹೆಂಡ್ತಿ ದೂರದಿಂದ ನೋಡ್ತಾನೇ ಇದ್ರಂತೆ. ಮೊದಲು ಚಪ್ಪಲಿ ಬಿಡೋ ಜಾಗದಲ್ಲಿ ನಿಂತು ಫೋನ್ ಹಿಡ್ಕೊಂಡಿದ್ರು. ಆಮೇಲೆ ಶಾಮಿಯಾನದ ಕಂಬಕ್ಕೆ ಒರಗಿ ನಿಂತ್ರು. ಬೀಗರೊಬ್ರು ಬಂದು "ಏನ್ ಸಾರ್, ಇವತ್ತು ಮೃದಂಗ ಇಲ್ವಾ" ಅಂದ್ರು, ಇವ್ರು ನಕ್ಕು ಸುಮ್ನಾದ್ರು. ಊಟಕ್ಕೆ ಎಲೆ ಹಾಕಿದ ತಕ್ಷಣ ಯಾರೋ ಬಡಿಸೋರ ಕೈಯಿಂದ ಸಾರಿನ ಬಕೆಟ್ ಇಸ್ಕೊಂಡು ಎರಡು ಪಂಕ್ತಿ ಬಡಿಸಿದ್ರು, ಕೂತು ಊಟ ಮಾಡ್ಲಿಲ್ಲ, ರಿಹರ್ಸಲ್ ಇದೆ ಅಂತ ಹೊರಟುಹೋದ್ರು. ಸಂಜೆ ಹೆಂಡ್ತಿ ಮನೆಗೆ ಬಂದ್ರೆ ಅತ್ತೆ ಹೇಳಿದ್ರಂತೆ, ಒಂದೂವರೆಗೇ ಬಂದು ಮೊಸರನ್ನ ತಿಂದು ಮಲಗಿದಾನೆ ಅಂತ.

"ಮೃದಂಗ ಇಲ್ದಿದ್ರೆ ಎಲ್ಲಿ ಕೂತ್ಕೋಬೇಕು ಅಂತ ಇವ್ರಿಗೆ ಗೊತ್ತಾಗಲ್ಲ ಮೇಡಂ. ಸ್ಟೇಜ್ ಮೇಲಾದ್ರೆ ಗೊತ್ತು, ಹಾಡೋರ ಬಲಗಡೆ."

ಅಷ್ಟೇ ಹೇಳಿದ್ದು. ಆಡಿಕೊಳ್ಳೋ ಧ್ವನಿ ಅಲ್ಲ, ಮರುಕದ ಧ್ವನಿ. ಇಂಥಾ ಹೊತ್ತಲ್ಲಿ ನಮ್ಮ ಟ್ರೈನಿಂಗ್ ಏನ್ ಹೇಳತ್ತೆ ಅಂದ್ರೆ ಸುಮ್ನಿರಿ ಅಂತ, ಸುಮ್ನಿದ್ದೆ. ತುಂಬಾ ಹೊತ್ತಾದ್ಮೇಲೆ ಮೃದಂಗದವ್ರು ಹೇಳಿದ್ದನ್ನ ಹಾಗೇ ಬರೀತೀನಿ. "ಒಂಬತ್ತು ವರ್ಷಕ್ಕೆ ಪಾಠಕ್ಕೆ ಹಾಕಿದ್ರು. ಅವತ್ತಿಂದ ಯಾರ ಮನೆಗೆ ಹೋದ್ರೂ ಮೊದಲು ಮೃದಂಗ ಇಡೋಕೆ ಜಾಗ ಮಾಡ್ತಾರೆ, ಆಮೇಲೆ ನಂಗೆ. ಕಸಿನ್ಸ್ ಎಲ್ಲ ತಾರಸಿ ಮೇಲೆ ಆಡ್ತಿದ್ರೆ ನಾನು ದೊಡ್ಡವ್ರ ಮುಂದೆ ಕೂತು ನುಡಿಸ್ತಿದ್ದೆ. ನಂಗೆ ಮಾತಾಡೋಕೆ ಬರಲ್ಲ ಮೇಡಂ. ಏನ್ ಮಾತಾಡ್ಬೇಕು?"

ಅಲ್ಲಿಗೆ ನನ್ನ ಕ್ಯಾಲೆಂಡರ್ ಮಡಚಿಟ್ಟೆ. ನೆಂಟರು ಫ್ರೀಯಾಗಿ ನುಡಿಸ್ಕೊಳ್ಳೋದು ನಿಜ, ಅದು ಅನ್ಯಾಯ ಅನ್ನೋದೂ ನಿಜ, ಆದ್ರೆ ಇವ್ರಿಗೆ ಅದು ಬೇಕೂ ಆಗಿತ್ತು. ಮೃದಂಗ ಮುಂದಿದ್ರೆ ಯಾರೂ "ಮತ್ತೆ ಏನ್ ಸಮಾಚಾರ" ಅಂತ ಕೇಳಲ್ಲ. ಬ್ಯುಸಿ ಅನ್ನೋದೂ ಹಾಗೇನೇ. ಅರ್ಧ ಬ್ಯುಸಿ ಕಸುಬಿಂದು, ಉಳಿದರ್ಧ ಇವ್ರೇ ಕಟ್ಕೊಂಡಿದ್ದು. ಇದನ್ನ ಬಾಯ್ಬಿಟ್ಟು ಹೇಳಿದ್ದು ಮುಂದಿನ ವಾರ, ಅವತ್ತಲ್ಲ. ಅವತ್ತು ಹೇಳಿದ್ರೆ ಎದ್ದು ಹೋಗ್ತಿದ್ರು ಅಂತ ನನ್ನ ಲೆಕ್ಕ.

ಕೊಟ್ಟ ಸಲಹೆ ಹೀಗಿತ್ತು. ಕಛೇರಿ ಒಂದೂ ಕಮ್ಮಿ ಮಾಡ್ಬೇಡಿ. ಆದ್ರೆ ನೆಂಟರ ಮನೆ, ಸ್ನೇಹಿತರ ಮನೆ ಫಂಕ್ಷನ್‌ಗೆ ಒಂದು ವರ್ಷ ಮೃದಂಗ ತಗೊಂಡು ಹೋಗೋ ಹಾಗಿಲ್ಲ, ನುಡಿಸಲೇಬೇಕು ಅಂದ್ರೆ ಸಂಭಾವನೆ ಕೇಳಿ, ಕಛೇರಿ ಥರಾನೇ ಹೋಗಿ. ಸುಮ್ನೆ ಹೋದಾಗ ಮೊದಲನೇ ಪಂಕ್ತೀಲಿ ಕೂತು ಊಟ ಮಾಡ್ಬೇಕು, ಬಕೆಟ್ ಮುಟ್ಟೋ ಹಾಗಿಲ್ಲ. ಯಾಕಪ್ಪಾ ಮೃದಂಗ ಇಲ್ಲ ಅಂದ್ರೆ ರಿಪೇರಿ ಗಿಪೇರಿ ಅಂತ ಸುಳ್ಳು ಬೇಡ, "ಇವತ್ತು ಊಟಕ್ಕೆ ಬಂದಿದೀನಿ" ಅಂದ್ರೆ ಸಾಕು. ಹೆಂಡ್ತಿಗೂ ಒಂದು ಕೆಲಸ ಕೊಟ್ಟೆ. ಇಷ್ಟು ವರ್ಷ ಇವ್ರ ಪರವಾಗಿ ಎಲ್ಲರಿಗೂ ಫೋನಲ್ಲಿ "ಇವ್ರಿಗೆ ಪ್ರೋಗ್ರಾಂ ಇದೆ" ಅಂತ ಹೇಳ್ತಾ ಬಂದಿದ್ದು ಆಕೇನೇ, ಅದನ್ನ ನಿಲ್ಲಿಸಿ, ಬರಲ್ಲ ಅಂದ್ರೆ ಅವರೇ ಫೋನ್ ಮಾಡಿ ಹೇಳ್ಲಿ ಅಂದೆ. ಆಕೆಗೆ ಇದೇ ಎಲ್ಲಕ್ಕಿಂತ ಕಷ್ಟ ಆಯ್ತು ಅನ್ಸತ್ತೆ.

ಈ ಸಲಹೆ ಬಗ್ಗೆ ನಮ್ಮ ಫೀಲ್ಡ್‌ನಲ್ಲೇ ಇರೋ ಒಬ್ಬ ಸ್ನೇಹಿತೆ ಜೊತೆ ಜಗಳ ಆಗಿದೆ. ಮಾತಾಡೋಕೆ ಬರದವನ ಕೈಯಿಂದ ಇದ್ದೊಂದು ಭಾಷೆ ಕಿತ್ಕೊಂಡೆ ನೀನು ಅಂತಾಳೆ. ಪೂರ್ತಿ ತಳ್ಳಿಹಾಕೋ ಮಾತಲ್ಲ ಅದು, ನಿದ್ದೆ ಕೆಡಿಸಿದೆ. ಆದ್ರೂ ನಾನು ಬಿಟ್ಕೊಡಲ್ಲ. ಕಛೇರೀಲಿ ಆ ಭಾಷೆ ವಾರಕ್ಕೆ ನಾಲ್ಕು ದಿನ ಇದ್ದೇ ಇದೆ, ಯಾರೂ ಕಿತ್ಕೊಂಡಿಲ್ಲ. ಇನ್ನು ಕಲೆಗೆ ಬೆಲೆ ಕಟ್ತೀರಾ ಅನ್ನೋ ನೆಂಟರಿಗೆ ಒಂದೇ ಪ್ರಶ್ನೆ, ನಿಮ್ಮ ಮನೇಲಿ ಡೆಂಟಿಸ್ಟ್ ಭಾವ ಇದ್ರೆ ಮುಂಜಿಗೆ ಬರ್ತಾ ಇಕ್ಕಳ ತಗೊಂಡ್ಬಾ, ನಮ್ಮತ್ತೆ ಹಲ್ಲು ಅಲ್ಲಾಡ್ತಿದೆ ಅಂತೀರಾ? ನಾನೇನೂ ಸಾಚಾ ಅಲ್ಲ ಬಿಡಿ. ಹೋದ ಗೌರಿ ಹಬ್ಬಕ್ಕೆ ಆರತಿ ಹೊತ್ತಲ್ಲಿ ಅಣ್ಣನ ಮಗಳಿಗೆ "ಒಂದು ಹಾಡು ಹೇಳೇ ಪುಟ್ಟಿ" ಅಂದೋಳು ನಾನೇ. ಹೇಳಿದ್ಲು, ಚೆನ್ನಾಗೇ ಹೇಳಿದ್ಲು, ಎಲ್ಲರೂ ಭೇಷ್ ಅಂದ್ವಿ, ಆಮೇಲೆ ಆ ಹುಡುಗಿ ಎಲ್ಲಿ ಹೋದ್ಲು, ಊಟ ಮಾಡಿದ್ಲಾ ಅಂತ ನಾನು ನೋಡ್ಲೇ ಇಲ್ಲ. ನಿಮ್ಮ ಮನೇಲೂ ಹಾಡೋ ಮಗು, ಕೊಳಲು ಊದೋ ಮಗು ಇದ್ರೆ ವರ್ಷಕ್ಕೆ ನಾಲ್ಕು ಸಲನಾದ್ರೂ ಸುಮ್ನೆ ಕರ್ಕೊಂಡ್ಹೋಗಿ, ಉಳಿದ ಮಕ್ಕಳ ಜೊತೆ ತಾರಸಿ ಮೇಲೆ ಆಡೋಕೆ ಬಿಡಿ.

ಮಗಳ ವಿಷ್ಯ ಒಂದು ಹೇಳ್ಬೇಕು. ವಾದ್ಯ ಬದಲಾಯ್ಸೋಕಾಗ್ದೇ ಇದ್ದಿದ್ದು ಇದಕ್ಕೇ. ಮೃದಂಗದ ಎಡಗಡೆ ಮುಖಕ್ಕೆ (ತೊಪ್ಪಿ ಅಂತಾರೆ) ಕಛೇರಿಗೆ ಮುಂಚೆ ರವೆ ಹಚ್ತಾರೆ, ನೀರಲ್ಲಿ ಕಲಸಿದ ಸಣ್ಣ ರವೆ, ಮಧ್ಯದಲ್ಲಿ ಪೂರಿ ಥರ ದುಂಡಗೆ ಒತ್ತೋದು, ಅದ್ರಿಂದಾನೇ ಆ ಗುಂ ಅನ್ನೋ ನಾದ. ಮುಗಿದ್ಮೇಲೆ ಕೆರೆದು ತೆಗೀತಾರೆ. ಹತ್ರದ ಕಛೇರಿ ಇದ್ದಾಗ ಮನೇಲಿ ರವೆ ಕಲಸೋ ಕೆಲಸ ಮಗಳದ್ದು, ಐದು ವರ್ಷದೋಳಿದ್ದಾಗಿಂದ. ನೀರು ಎಷ್ಟು, ಎಷ್ಟು ಹೊತ್ತು ನಾದಬೇಕು ಅಂತ ಅಪ್ಪ ಮಗಳು ಚೆನ್ನಾಗೇ ಮಾತಾಡ್ತಾರಂತೆ. ಆ ಹತ್ತು ನಿಮಿಷ ಬಿಟ್ರೆ ಇಲ್ಲ. ಇದನ್ನ ಬಿಡಿ ಅಂತ ನಾನು ಹೇಳ್ಲಿಲ್ಲ, ಜಾಸ್ತಿ ಮಾಡಿ ಅಂತಾನೂ ಹೇಳ್ಲಿಲ್ಲ. ಅದಕ್ಕೆ ಕೈ ಹಾಕ್ಬಾರ್ದು ಅನ್ನಿಸ್ತು.

ಫೆಬ್ರವರೀಲಿ ಒಂದು ನಾಮಕರಣಕ್ಕೆ ಬರಿಗೈಲಿ ಹೋದ್ರು. ಮುಂದಿನ ಸೆಷನ್‌ಗೆ ಬಂದಿದ್ದು ಸಿಟ್ಟಲ್ಲಿ. ಯಾರೋ ಚಿಕ್ಕಪ್ಪ ಸ್ಟೀಲ್ ಡಬ್ಬಿ ತಂದು ಮುಂದಿಟ್ಟು "ಇದ್ರಲ್ಲಾದ್ರೂ ಬಾರ್ಸು" ಅಂದ್ರಂತೆ, ಎಲ್ಲ ನಕ್ರಂತೆ. ನುಡಿಸ್ಲಿಲ್ಲ, ಆದ್ರೆ ಮುಕ್ಕಾಲು ಗಂಟೇಲಿ ಎದ್ದು ಬಂದ್ರು. "ನಿಮ್ಮ ಮಾತು ಕೇಳಿ ಮರ್ಯಾದೆ ಹೋಯ್ತು" ಅಂದ್ರು ನಂಗೆ. ಹೆಂಡ್ತಿ ಪಕ್ಕದಲ್ಲಿ ಕೂತು "ಒಬ್ಬಟ್ಟು ಎರಡು ಸಲ ಹಾಕಿಸ್ಕೊಂಡ್ರು ಮೇಡಂ" ಅಂದ್ರು. ಅವತ್ತೂ ಮೂರನೇ ಕುರ್ಚಿ ಮೇಲೆ ಮೃದಂಗ ಇತ್ತು.

ಆಮೇಲೆ ರಾಮನವಮಿ ಸೀಸನ್ ಶುರುವಾಯ್ತು, ಅಪಾಯಿಂಟ್‌ಮೆಂಟ್ ಮುಂದಕ್ಕೆ ಹಾಕಿದ್ರು. ಅವ್ರ ಸ್ನೇಹಿತರೊಬ್ರ ವಿಷ್ಯ ಮೊದಲೊಂದ್ಸಲ ಹೇಳಿದ್ರು, ಎರಡು ವರ್ಷದ ಹಿಂದೆ ಡಿಸೆಂಬರ್‌ನಲ್ಲಿ ಆ ಸ್ನೇಹಿತರ ತಂದೆ ತೀರ್ಕೊಂಡಾಗ ಇವ್ರು ಚೆನ್ನೈನಲ್ಲಿದ್ರು, ವೈಕುಂಠ ಸಮಾರಾಧನೆಗೂ ಬರೋಕಾಗ್ಲಿಲ್ಲ, ಎರಡು ತಿಂಗಳಾದ್ಮೇಲೆ ಫೋನ್ ಮಾಡಿದ್ರೆ ಆತ "ಬಿಡು ಮಗಾ, ನಿನ್ನ ಪ್ರೋಗ್ರಾಂ ಹೇಗಾಯ್ತು" ಅಂದಿದ್ರಂತೆ. ಆಮೇಲೆ ಇಬ್ರೂ ಸರಿಯಾಗಿ ಮಾತಾಡಿರ್ಲಿಲ್ಲ.

ಹೋದ ವಾರ ರಾತ್ರಿ ಹನ್ನೊಂದೂವರೆಗೆ, ಯಾವ್ದೋ ಕಛೇರಿ ಮುಗಿಸಿ ಕಳ್ಸಿರ್ಬೇಕು, ಮೆಸೇಜ್ ಬಂತು. "ಮೇಡಂ ನಮಸ್ತೆ. ಸೀಸನ್ ಮುಗಿದ್ಮೇಲೆ ಬರ್ತೀವಿ. ಸೋಮವಾರ ಫ್ರೆಂಡ್ ಮನೆಗೆ ಹೋಗಿದ್ದೆ, ಅದೇ ಹೇಳಿದ್ನಲ್ಲ. ಮೃದಂಗ ತಗೊಂಡು ಹೋಗಿರ್ಲಿಲ್ಲ. ಕಾಫಿ ಕುಡಿದ್ವಿ. ಮಾತು ಜಾಸ್ತಿ ಆಗ್ಲಿಲ್ಲ. ಅವ್ರಪ್ಪನ ಫೋಟೋ ಕೆಳಗೆ ಕೂತಿದ್ವಿ ಒಂದು ಗಂಟೆ."