ಮ್ಯೂನಿಕ್‌ನಲ್ಲಿ ಮೂರು ತಿಂಗಳಿದ್ದರೆ ವಾರಾಂತ್ಯಕ್ಕೆ ಎಲ್ಲಿಗೆ?

ಕೆಲಸದ ನಿಮಿತ್ತ ಮೂರು ತಿಂಗಳು ಮ್ಯೂನಿಕ್‌ನಲ್ಲಿರುವಾಗ ಪ್ರತಿ ವಾರಾಂತ್ಯ ಒಂದೊಂದು ದೇಶ ನೋಡಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ, ದಣಿದುಬಿಡುತ್ತೀರಿ. ಮ್ಯೂನಿಕ್ ಇರುವ ಬವೇರಿಯಾ ರಾಜ್ಯ ಒಂದೇ ಸಾಕೆನ್ನುವಷ್ಟಿದೆ.

‘ಬಾಯರ್ನ್ ಟಿಕೆಟ್’ ಕೊಳ್ಳಿ. 5 ಜನರವರೆಗೆ ಒಟ್ಟಾಗಿ ಇಡೀ ದಿನ ಪ್ರಾದೇಶಿಕ ರೈಲುಗಳಲ್ಲಿ ಓಡಾಡಬಹುದು. ಟಿಕೆಟ್ ಮೇಲೆ ಹೆಸರು ಬರೆಯಲೇಬೇಕು. ವಾರದ ದಿನಗಳಲ್ಲಿ ಬೆಳಿಗ್ಗೆ 9ಕ್ಕೆ ಮೊದಲು ಈ ಟಿಕೆಟ್ ನಡೆಯುವುದಿಲ್ಲ; ಶನಿವಾರ, ಭಾನುವಾರ ಆ ನಿರ್ಬಂಧ ಇಲ್ಲ. ಐಸಿಇ ಎಂಬ ದೂರದೂರಿನ ವೇಗದ ರೈಲು ಮಾತ್ರ ಹತ್ತಬೇಡಿ, ಅದರಲ್ಲಿ ಇದು ನಡೆಯುವುದಿಲ್ಲ. ಗಡಿಯಾಚೆ ಆಸ್ಟ್ರಿಯಾದಲ್ಲಿರುವ ಸಾಲ್ಜ್‌ಬರ್ಗ್‌ಗೂ ಇದೇ ಟಿಕೆಟ್ ನಡೆಯುತ್ತದೆ, ಪಾಸ್‌ಪೋರ್ಟ್ ಜೊತೆಗಿರಲಿ.

ಮಳೆ ಹಿಡಿದ ಭಾನುವಾರ ಮ್ಯೂನಿಕ್‌ನಲ್ಲೇ ಇರುವ ಆಲ್ಟೆ ಪಿನಾಕೊಟೆಕ್ ಕಲಾ ಸಂಗ್ರಹಾಲಯಕ್ಕೆ ಹೋಗಿ. ಅಂದು ಪ್ರವೇಶ 1 ಯೂರೊ. ಜರ್ಮನ್ ಚಿತ್ರಕಾರ ಡ್ಯೂರರ್ 1500ರಲ್ಲಿ ಬಿಡಿಸಿದ ಸ್ವಂತ ಭಾವಚಿತ್ರದ ಕೂದಲೆಳೆಗಳನ್ನು ಹತ್ತಿರದಿಂದ ನೋಡಿ. ಅಂಗಡಿಗಳಿಗೆ ಭಾನುವಾರ ರಜೆ, ದಿನಸಿ ಶನಿವಾರವೇ ತಂದಿಡಿ. ನೊಯ್‌ಶ್ವಾನ್‌ಸ್ಟೈನ್ ಅರಮನೆಯ ಒಳಗೆ ಹೋಗಲು ನಿಗದಿತ ಸಮಯದ ಟಿಕೆಟ್ ಬೇಕು. ಅದನ್ನು ಈಗಲೇ ಕಾದಿರಿಸಿ.