ಒಂಬತ್ತು ವರ್ಷದ ಮಗಳನ್ನು ‘ಅವತಾರ್’ ಎರಡನೇ ಭಾಗಕ್ಕೆ ಕರೆದುಕೊಂಡು ಹೋಗಬಹುದಾ? ಅವಳು ಮೊದಲ ಭಾಗ ನೋಡಿಲ್ಲ

ಧಾರಾಳವಾಗಿ ಹೋಗಿ. ಮೊದಲ ಭಾಗ ನೋಡಿಲ್ಲ ಅನ್ನೋದು ಚಿಂತೆ ಮಾಡುವಂಥ ವಿಷಯವೇ ಅಲ್ಲ. ಮಕ್ಕಳ ಜೊತೆ ಹೋಗುವವರು ಯೋಚಿಸಬೇಕಾದದ್ದು ಬೇರೆ ಇದೆ. 2022ರಲ್ಲಿ ಈ ಎರಡನೇ ಭಾಗ ‘ದಿ ವೇ ಆಫ್ ವಾಟರ್’ ಬಂದಾಗ ನಾನು ಹತ್ತು ವರ್ಷದ ಮಗನ ಜೊತೆ ನೋಡಿ ಬಂದೆ, ಆ ಅನುಭವದ ಮೇಲೆ ಹೇಳ್ತಿದ್ದೇನೆ. ಕಥೆಯ ಒಂದೆರಡು ಗುಟ್ಟು ಬಿಟ್ಟುಕೊಡದೆ ಬೇರೆ ದಾರಿಯಿಲ್ಲ.

2009ರ ಮೊದಲ ಭಾಗದ ಕಥೆಯಲ್ಲಿ ಅವಳಿಗೆ ಬೇಕಾಗಿರುವುದು ಇಷ್ಟೇ: ಮನುಷ್ಯರು ಪಂಡೋರಾ ಅನ್ನೋ ಬೇರೊಂದು ಲೋಕಕ್ಕೆ ಅದಿರು ಅಗೆಯಲು ಬಂದರು, ನಡೆಯಲಾಗದ ಸೈನಿಕ ಜೇಕ್ ಅಲ್ಲಿನ ನೀಲಿ ಬಣ್ಣದ ನಾವಿ ಜನರ ದೇಹ ಪಡೆದು ಅವರ ಕಡೆಯೇ ಸೇರಿಕೊಂಡ, ಮನುಷ್ಯರ ಕಡೆಯ ಖಳನಾಯಕ ಕರ್ನಲ್ ಕ್ವಾರಿಚ್ ಸತ್ತ. ಆಟೋದಲ್ಲಿ ಹೋಗುವಾಗಲೇ ಹೇಳಿ ಮುಗಿಸಬಹುದು. ಸತ್ತವನು ಈ ಭಾಗದಲ್ಲಿ ಮತ್ತೆ ಹೇಗೆ ಬಂದ ಅಂತ ನಾನು ತಲೆ ಕೆರೆದುಕೊಳ್ಳುತ್ತಿದ್ದರೆ, ಪಕ್ಕದಿಂದ ನಮ್ಮವನು “ಬ್ಯಾಕಪ್ ತಗೊಂಡಿದ್ರು ಅಮ್ಮ” ಅಂದ. ಹೌದು, ಅವನ ನೆನಪುಗಳನ್ನು ಮೊದಲೇ ತೆಗೆದಿಟ್ಟು, ಈಗ ನಾವಿ ದೇಹಕ್ಕೆ ತುಂಬಿದ್ದಾರೆ. ಈ ವಿಷಯದಲ್ಲಿ ಮಕ್ಕಳಿಗೆ ನಮ್ಮ ವಿವರಣೆ ಬೇಕಾಗಿಲ್ಲ.

ಕನ್ನಡದ ಶೋ ಸಿಕ್ಕರೆ ಅದಕ್ಕೇ ಹೋಗಿ. 2009ರಲ್ಲಿ ಆ ಭಾಗ್ಯ ಇರಲಿಲ್ಲ. ಹಿಂದಿ, ತಮಿಳು, ತೆಲುಗಿನಲ್ಲಿ ಬಂದಿತ್ತು, ನಮ್ಮಲ್ಲಿ ಡಬ್ಬಿಂಗ್‌ಗೆ ಅಘೋಷಿತ ನಿಷೇಧ. 2015ರಲ್ಲಿ ಭಾರತದ ಸ್ಪರ್ಧಾ ಆಯೋಗ ಹಾಗೆ ತಡೆಯುವುದು ಸರಿಯಲ್ಲ ಎಂದು ಆದೇಶ ಕೊಟ್ಟ ಮೇಲೆ ಬಾಗಿಲು ನಿಧಾನಕ್ಕೆ ತೆರೆಯಿತು. ಡಬ್ಬಿಂಗ್ ಬಗ್ಗೆ ದೊಡ್ಡವರ ಜಗಳ ಏನೇ ಇರಲಿ, ಒಂಬತ್ತರ ಮಗು ಪ್ರತಿ ಎರಡು ನಿಮಿಷಕ್ಕೆ “ಏನಂದ?” ಅಂತ ಕೇಳದೆ ಸಿನಿಮಾ ನೋಡುವುದು ದೊಡ್ಡ ನೆಮ್ಮದಿ. ಆಗ ಕನ್ನಡದ ಶೋಗಳು ಕಡಿಮೆ ಇದ್ದವು, ಅದೂ ಹೊತ್ತಲ್ಲದ ಹೊತ್ತಿನಲ್ಲಿ. ನಾವು ಬೆಳಗಿನ ಶೋಗೆ ತಿಂಡಿ ತಿನ್ನದೇ ಓಡಿದೆವು.

ಇನ್ನು ನಿಜವಾದ ವಿಷಯಕ್ಕೆ ಬರ್ತೀನಿ. ಇದರಲ್ಲಿ ಟಲ್ಕುನ್ ಅಂತ ತಿಮಿಂಗಿಲದಂಥ ಪ್ರಾಣಿಗಳಿವೆ. ಯೋಚಿಸುತ್ತವೆ, ಹಾಡುತ್ತವೆ, ಕಡಲ ತೀರದ ನಾವಿ ಜನರಿಗೆ ಒಡಹುಟ್ಟಿದವರ ಹಾಗೆ. ಬೇಟೆಗಾರರು ಬೇಕೆಂದೇ ಮರಿ ಇರುವ ತಾಯಿಯನ್ನು ಆರಿಸುತ್ತಾರೆ, ಮರಿಯನ್ನು ಬಿಟ್ಟು ಅದು ವೇಗವಾಗಿ ಈಜುವುದಿಲ್ಲವಲ್ಲ. ಈಟಿ ಹೊಡೆದು, ಮುಳುಗದಂತೆ ಗಾಳಿಚೀಲ ಕಟ್ಟಿ, ದಣಿಸಿ ಕೊಲ್ಲುತ್ತಾರೆ. ಅಷ್ಟು ದೊಡ್ಡ ಜೀವದಿಂದ ತೆಗೆದುಕೊಳ್ಳುವುದು ತಲೆಯೊಳಗಿನ ಒಂದಿಷ್ಟು ದ್ರವ, ಮನುಷ್ಯರಿಗೆ ವಯಸ್ಸಾಗದಿರಲು. ಮಿಕ್ಕದ್ದೆಲ್ಲ ಕಡಲ ಪಾಲು. ಯುದ್ಧದ ಗುಂಡಿನ ಸದ್ದಿಗೆ ಕದಲದ ನಮ್ಮವನು ಇಲ್ಲಿ ನನ್ನ ಕೈ ಹಿಡಿದ. ಕೊನೆಗೆ ಜೇಕ್‌ನ ಹಿರಿಯ ಮಗ ಅಪ್ಪ ಅಮ್ಮನ ಎದುರೇ ಸಾಯುತ್ತಾನೆ, ಅದೂ ಕಷ್ಟವೇ. ಆದರೆ ನನ್ನ ಮಗನ ಪ್ರಶ್ನೆಗಳೆಲ್ಲ ತಿಮಿಂಗಿಲದ ಮೇಲೆ.

“ನಿಜವಾಗ್ಲೂ ಹೀಗೆ ಮಾಡ್ತಾರಾ?” ಎಂಬುದಕ್ಕೆ ಉತ್ತರ ಸಿದ್ಧ ಇಟ್ಟುಕೊಳ್ಳಿ, ಏಕೆಂದರೆ ಉತ್ತರ ‘ಹೌದು’. ಸ್ಪರ್ಮ್ ತಿಮಿಂಗಿಲದ ತಲೆಯ ಎಣ್ಣೆಯಿಂದ ಮೇಣದಬತ್ತಿ ಮಾಡುತ್ತಿದ್ದರು, ಕೊಬ್ಬಿನ ಎಣ್ಣೆಯಿಂದ ದೀಪ ಉರಿಸುತ್ತಿದ್ದರು. ಒಳಹೊಕ್ಕು ಸಿಡಿಯುವ ಈಟಿ ಹತ್ತೊಂಬತ್ತನೇ ಶತಮಾನದಲ್ಲಿ ನಾರ್ವೆಯಲ್ಲಿ ಬಂತು. ವ್ಯಾಪಾರಕ್ಕಾಗಿ ಬೇಟೆಯಾಡುವುದಕ್ಕೆ 1986ರಿಂದ ಅಂತರರಾಷ್ಟ್ರೀಯ ತಡೆ ಇದ್ದರೂ ನಾರ್ವೆ, ಐಸ್‌ಲ್ಯಾಂಡ್, ಜಪಾನ್ ಪೂರ್ತಿ ನಿಲ್ಲಿಸಿಲ್ಲ. ಹೀಗೇ ಹೇಳಿದೆ, ಸಕ್ಕರೆ ಬೆರೆಸಲಿಲ್ಲ. “ಎಲ್ಲಾ ಗ್ರಾಫಿಕ್ಸ್ ಪುಟ್ಟಾ” ಅಂತ ಸಮಾಧಾನ ಮಾಡಬಹುದಿತ್ತು, ಆದರೆ ಅವನು ಕೇಳಿದ್ದು ಅದನ್ನಲ್ಲ.

ಜೇಕ್ ಮಾತ್ರ ನನಗೆ ಸಹಿಸಲಾಗದ ಅಪ್ಪ. ಸ್ವಂತ ಮಕ್ಕಳಿಂದ ‘ಸರ್’ ಅನ್ನಿಸಿಕೊಳ್ಳುತ್ತಾನೆ, ಎರಡನೆಯವನನ್ನು ಸದಾ ಬೈಯುತ್ತಾನೆ. ಅದನ್ನು ಸಿನಿಮಾ ಸ್ವಲ್ಪ ಬೇಗನೇ ಕ್ಷಮಿಸಿಬಿಡುತ್ತೆ ಅನ್ನಿಸಿತು. ಕಥೆಯೂ ತೆಳು, ಹೋಗುವುದು ನೀರಿಗಾಗಿ. ನಟರು ನಿಜವಾಗಿ ದೊಡ್ಡ ತೊಟ್ಟಿಯಲ್ಲಿ ಮುಳುಗಿ ಅಭಿನಯಿಸಿದ್ದಾರೆ. ಜೇಕ್‌ನ ಹದಿಹರೆಯದ ಸಾಕುಮಗಳು ‘ಕಿರಿ’ಯ ಪಾತ್ರ ಮಾಡಿದಾಕೆ, ಸಿನಿಮಾ ಬಂದಾಗ 73 ತುಂಬಿದ್ದ ಸಿಗೋರ್ನಿ ವೀವರ್ ಅಂದರೆ ಮಗ ಇವತ್ತಿಗೂ ನಂಬುತ್ತಿಲ್ಲ. ಇದರಲ್ಲೇ ನಟಿಸಿದ ಕೇಟ್ ವಿನ್ಸ್ಲೆಟ್ ನೀರಿನೊಳಗೆ ಏಳು ನಿಮಿಷಕ್ಕೂ ಹೆಚ್ಚು ಉಸಿರು ಹಿಡಿದಿದ್ದ ಸುದ್ದಿಯನ್ನು ದಯವಿಟ್ಟು ಮಗಳಿಗೆ ಹೇಳಬೇಡಿ. ನಮ್ಮವನು ಬಕೆಟ್‌ಗೆ ಮುಖ ಅದ್ದಿ ಎಣಿಸೋಕೆ ಶುರು ಮಾಡಿದ್ದ.

ತ್ರೀಡಿ ಕನ್ನಡಕ ಮಕ್ಕಳ ಮೂಗಿಗೆ ದೊಡ್ಡದು, ಜಾರುತ್ತಲೇ ಇರುತ್ತೆ. ಹಿಂದೆ ಕಟ್ಟಲು ಒಂದು ರಬ್ಬರ್ ಬ್ಯಾಂಡ್ ಒಯ್ಯಿರಿ. ತಲೆನೋವು ಅಂದರೆ ಸ್ವಲ್ಪ ಹೊತ್ತು ಕಣ್ಣು ಮುಚ್ಚಿಸಿ. ಸಿನಿಮಾ ಮೂರು ಗಂಟೆ ಹನ್ನೆರಡು ನಿಮಿಷ, ಮೇಲೆ ಮಧ್ಯಂತರ ಬೇರೆ. ಆಗಲೇ ಟಾಯ್ಲೆಟ್‌ಗೆ ಕರೆದೊಯ್ಯಿರಿ, ಅವಳು ಬೇಡ ಅಂದರೂ ಸರಿ. ಕೊನೆಯ ಒಂದು ಗಂಟೆ ಹಡಗು ಮುಳುಗುವ ಗಲಾಟೆ, ಎದ್ದು ಬಾ ಅಂದರೆ ಅವಳು ಬರೋದಿಲ್ಲ.